ಉಡದಾರದ ಕಲ್ಜೀರಂಗಿ

ನನಗೆ ಹುಳ ಅಂದರೆ ಆಗಿಬರುವುದಿಲ್ಲ. ಸಣ್ಣವಳಿದ್ದಾಗ ನಮ್ಮ ಓಣಿಯ ಹುಡುಗರು ಬೆಂಕಿಪೊಟ್ಟಣದಲ್ಲಿ ಜೀರಂಗಿ ಸಾಕಿ, ಅದರ ಕಾಲಿಗೆ ದಾರ ಕಟ್ಟಿ ಹಾರಿಸಿ, ಆಟ ಸಾಕಾದ ಮೇಲೆ ನನ್ನ ಜಡೆಗೆ ತಂದು ಬಿಡುತ್ತಿದ್ದರು. ಆಗ ಕಿರುಚಿದ್ದಕ್ಕೆ ಇವತ್ತಿಗೂ ನನ್ನ ಗಂಟಲು ಒಡಕು ಎಂದು ಅವ್ವ ಅನ್ನುತ್ತಾಳೆ. ಅಂಥವಳು ದಿನಾ ಹುಳಗಳನ್ನೇ ನೋಡುವ ನೌಕರಿ ಹಿಡಿದೆ ಅಂದರೆ ನಗಬೇಡಿ. ನಾನು ನೋಡುತ್ತಿದ್ದದ್ದು ಕಲ್ಲಾದ ಹುಳಗಳನ್ನು. ಕೋಟ್ಯಂತರ ವರ್ಷಗಳ ಹಿಂದೆ ಸತ್ತದ್ದು ಎದ್ದು ಬಂದು ಕಚ್ಚುತ್ತದೆಯೇ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡಿದ್ದೆ.

ವಿಜಯಪುರದ ಆಚೆ ಗಾಳಿಯಂತ್ರ ನಿಲ್ಲಿಸಲು ಪಾಯ ತೋಡುವಾಗ ಅವು ಸಿಕ್ಕವು. ನಮ್ಮ ಕಡೆ ನೆಲ ಅಗೆದರೆ ಬರೀ ಕರಿಗಲ್ಲು. ಒಂದಾನೊಂದು ಕಾಲದಲ್ಲಿ ಹರಿದ ಲಾವಾ ಪದರ ಪದರವಾಗಿ ಆರಿ ಆದ ಕಲ್ಲು ಅದು. ಎರಡು ಪದರಗಳ ನಡುವೆ ಹಳೆಯ ಕೆರೆಯೊಂದರ ಕೆಸರು ಒಣಗಿ ಕೂತಿತ್ತು. ಆ ಕೆಸರಿನ ತುಂಬ ಹುಣಸೆ ಬೀಜದಷ್ಟು ದೊಡ್ಡ ಹುಳಗಳು, ಕಾಲುಗಳನ್ನೆಲ್ಲ ಹೊಟ್ಟೆಗೆ ಮಡಚಿಕೊಂಡು ಮಲಗಿದ್ದವು. ಬೆನ್ನ ಮೇಲಿನ ಹಸಿರು ನೀಲಿ ಹೊಳಪು ಒಂಚೂರೂ ಮಾಸಿರಲಿಲ್ಲ. ಅವು ಜೀರಂಗಿಯ ಕುಲವೇ ಅಲ್ಲ, ಕಾಲು ಎಣಿಸಿದರೆ ಬೇರೆಯೇ ಜಾತಿ. ಆದರೆ ಜನ ಯಾರ ಮಾತು ಕೇಳುತ್ತಾರೆ? ಕಲ್ಜೀರಂಗಿ ಎಂದರು, ಅದೇ ಹೆಸರು ನಿಂತಿತು.

ಆಭರಣದ ಕಂಪನಿಯೊಂದು ಆ ಪಾಯವನ್ನೇ ಗುತ್ತಿಗೆ ಹಿಡಿಯಿತು. ಮೊದಲು ಕಿವಿಯೋಲೆ, ಆಮೇಲೆ ಉಂಗುರ, ಆಮೇಲೆ ಮದುಮಗಳ ಡಾಬು. ಕಲ್ಜೀರಂಗಿ ಇದ್ದ ಕೂಸಿಗೆ ದೃಷ್ಟಿ ತಾಗುವುದಿಲ್ಲ ಎಂದು ಯಾರೋ ಪುಣ್ಯಾತ್ಮ ಹಬ್ಬಿಸಿದ. ಅಲ್ಲಿಗೆ ಮುಗಿಯಿತು. ಬರುವ ಆಯುಧಪೂಜೆಗೆ, ನಮ್ಮ ಕಡೆಯ ಖಂಡೇಪೂಜೆಗೆ, ಕಟ್ಟಲೆಂದು ಊರ ಕೂಸುಗಳ ಉಡದಾರಕ್ಕೆಲ್ಲ ಬೆಳ್ಳಿಯ ಪುಟ್ಟ ಗೂಡು, ಗೂಡಿನೊಳಗೆ ಹುಳ. ಆ ಹುಳ ಅಪ್ಪಟ ಕಲ್ಲು ಹೌದೋ ಅಲ್ಲವೋ, ಮೈಗೆ ತಾಗಿದರೆ ಅಪಾಯವೋ ಎಂದು ನೋಡಿ ಹೇಳುವ ಕೆಲಸ ನಮ್ಮ ಲ್ಯಾಬಿನದು. ನಾನು ಅಲ್ಲಿ ಸ್ಕ್ಯಾನರ್ ನಡೆಸುತ್ತೇನೆ. ನನ್ನ ಮೇಲಿನವರು ಡಾಕ್ಟರ್ ಇನಾಮದಾರ. ಪಳೆಯುಳಿಕೆಗಳ ವಿಷಯದಲ್ಲಿ ದೊಡ್ಡ ಹೆಸರು, ಮನುಷ್ಯ ಸಣ್ಣ ಕೂಸಿನಂಥವರು.

ನಮ್ಮಕ್ಕ ದಾನೇಶ್ವರಿ ಹೆರಿಗೆಗೆ ತವರಿಗೆ ಬಂದು ಕೂಸು ಹಡೆದಿದ್ದಳು. ಮೊದಲ ಉಡದಾರ ತರಬೇಕಾದವನು ಸೋದರಮಾವ. ನಮಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಆ ಹೊಣೆ ಚಿಕ್ಕಮ್ಮನಾದ ನನ್ನ ತಲೆಗೆ ಬಂತು. "ನಿಮ್ಮ ಆಫೀಸಿನ್ಯಾಗ ಬುಟ್ಟಿಗಟ್ಲೆ ಬಿದ್ದಾವಲ್ಲ, ಕೂಸಿಗೆ ಒಂದ ತಂದ್ರ ನಿನ್ನ ಗಂಟೇನ ಹೋಗ್ತೈತಿ?" ಎಂದು ಅವ್ವ ಬೆನ್ನು ಹತ್ತಿದಳು. ನಾನೇ ಆರಿಸಿ, ನಾನೇ ಸ್ಕ್ಯಾನ್ ಮಾಡಿ, ಎಲ್ಲಕ್ಕಿಂತ ಹೊಳಪಿನದೊಂದನ್ನು ತಂದುಕೊಟ್ಟೆ. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು, ಖಂಡೇಪೂಜೆಯ ದಿನವೇ ಕಟ್ಟುವುದು ಎಂದು ತೀರ್ಮಾನಿಸಿದಳು.

ಖಂಡೇಪೂಜೆಯ ಮುಂಜಾನೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಹೂರಣ ರುಬ್ಬುವುದು, ಇನ್ನೊಂದು ಕಡೆ ಬಚ್ಚಲ ಹಂಡೆಗೆ ಉರಿ. ಅಕ್ಕ ಕಿವಿಗೆ ಅರಿವೆ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದಳು. ಹೊರಸಿನ ಕೆಳಗೆ ಕೆಂಡದ ಒಲೆ. ನಮ್ಮವ್ವನ ಬಾಣಂತನ ಅಂದರೆ ಹಾಗೆ. ತಣ್ಣೀರು ಮುಟ್ಟುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ, ಕಣ್ಣು ಹೋಗ್ತಾವ ಎಂದು ಫೋನು ನೋಡುವಂತಿಲ್ಲ. ಅಕ್ಕ ಒಮ್ಮೆ ಕದ್ದು ಫ್ರಿಜ್ಜಿನ ನೀರು ಕುಡಿದು ಸಿಕ್ಕುಬಿದ್ದ ಮೇಲೆ ಅವ್ವ ಫ್ರಿಜ್ಜನ್ನೇ ಬಂದ್ ಮಾಡಿಟ್ಟಿದ್ದಳು.

"ನೀಲಾ, ಮಧ್ಯಾಹ್ನ ಊಟಕ್ಕ ಬಾರವಾ," ಎಂದಳು ಅವ್ವ, ನಾನು ಚಪ್ಪಲಿ ಮೆಟ್ಟುವಾಗ. "ಕೂಸಿಗೆ ನೀ ತಂದ ಉಡದಾರ ಕಟ್ಟಿ, ಬಿಸಿನೀರು ಎರದು, ಲೋಬಾನ ಹಾಕ್ತೀವಿ. ಹೋಳಿಗಿ ಆರೂದ್ರಾಗ ಬಾ."

"ಅವ್ವಾ, ಹೊಗಿ ಕಡಿಮಿ ಮಾಡ. ಕೂಸು ಕೆಮ್ಮತೈತಿ," ಎಂದು ಅಕ್ಕ ಗೊಣಗಿದಳು.

"ನೀವಿಬ್ಬರೂ ಇದ ಹೊಗಿಯೊಳಗ ಬೆಳದೀರಿ. ಏನ ಆಗೈತಿ ನಿಮಗ, ಧಾಡಿ?" ಎಂದು ಅವ್ವ ಬಚ್ಚಲಿಗೆ ನಡೆದಳು. ನಾನು ಕೂಸಿನ ಅಂಗಾಲಿಗೆ ಮುತ್ತು ಕೊಟ್ಟು ಸ್ಕೂಟಿ ಹತ್ತಿದೆ.

ಲ್ಯಾಬಿನಲ್ಲೂ ಪೂಜೆ. ಸ್ಕ್ಯಾನರಿಗೆ ಚೆಂಡುಹೂವಿನ ಮಾಲೆ, ಅದರ ಮೂತಿಗೆಲ್ಲ ವಿಭೂತಿ. ಕಂಪನಿಯವರು ಹಬ್ಬದ ಮೇಲೆ ಹೊಸ ಸರಕು ಬಿಡಬೇಕೆಂದು ಅವಸರ ಮಾಡಿದ್ದರಿಂದ ನಾನು ಬಂದವಳೇ ನಾಲ್ಕಾರು ಹುಳಗಳನ್ನು ಬಿಸಿನೀರಿನ ಬಟ್ಟಲಿಗೆ ಹಾಕಿ ಕಾಯಲು ಇಟ್ಟಿದ್ದೆ. ಇದು ದಿನದ ಪರೀಕ್ಷೆ. ಬಿಸಿನೀರು, ಆಮ್ಲ, ಸ್ಪಿರಿಟ್ಟು, ಬೆವರಿನಂಥ ಉಪ್ಪುನೀರು, ಎಲ್ಲದರಲ್ಲೂ ಅವುಗಳನ್ನು ಒಂದೊಂದಾಗಿ ಅದ್ದಿ ನೋಡಿದ್ದೆವು. ಎಲ್ಲದರಲ್ಲೂ ಅವು ಕಲ್ಲಿನ ಹಾಗೆ ಸುಮ್ಮನೆ ಬಿದ್ದಿದ್ದವು.

ಇನಾಮದಾರ ಸರ್ ರೇಷ್ಮೆ ಶಾಲು ಹೊದ್ದು ಪೂಜೆಗೆ ನಿಂತರು. ಹೊಗೆಗೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳಬಾರದೆಂದು ಛಾವಣಿಯ ಯಂತ್ರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದೆವು, ಗಾಳಿ ಸೋಸುವ ಯಂತ್ರವನ್ನೂ ನಿಲ್ಲಿಸಿದೆವು. ಸರ್ ಕೆಂಡದ ಮೇಲೆ ಲೋಬಾನ ಉದುರಿಸಿ, ಸ್ಕ್ಯಾನರಿನ ಸುತ್ತ, ಮೇಜುಗಳ ಸುತ್ತ ಧೂಪ ತೋರಿಸುತ್ತ ಬಂದರು. ಕೋಣೆಯ ತುಂಬ ಹೊಗೆ ಕಟ್ಟಿತು. ಇಷ್ಟು ವರ್ಷ ಪೂಜೆ ಬಾಗಿಲಾಚೆಯೇ ಮುಗಿಯುತ್ತಿತ್ತು, ಈ ಸಲ ಮಾತ್ರ ಸರ್ ಒಳಗೇ ಆಗಲಿ ಎಂದಿದ್ದರು; ಅಲ್ಲಿಯ ತನಕ ಆ ಕೋಣೆಯೊಳಗೆ ಒಂದು ಊದಿನಕಡ್ಡಿಯೂ ಉರಿದಿರಲಿಲ್ಲ. ಲ್ಯಾಬಿನ ಗಾಳಿ ಚೊಕ್ಕ ಇರಬೇಕೆಂದು ನಮ್ಮ ಹಠ.

ಬಟ್ಟಲಿನಲ್ಲಿ ಟಕ್ ಅಂದಿತು.

ಗಾಜು ಬಿರಿಯಿತೇನೋ ಎಂದು ಬಗ್ಗಿ ನೋಡಿದೆ. ಒಂದು ಹುಳದ ಬೆನ್ನ ಮೇಲಿನ ಹೊಳಪಿನ ಪದರ ಉದ್ದಕ್ಕೆ ಸೀಳಿತ್ತು. ಸೀಳಿನಿಂದ ಒಂದು ಕಾಲು ಹೊರಬಂತು. ಆಮೇಲೆ ಇನ್ನೊಂದು. ಕಲ್ಲಿನ ಅಂಗಿ ಕಳಚಿದ ಹಾಗೆ ಅದು ಕಳಚಿಕೊಂಡು, ಬಟ್ಟಲಿನ ಅಂಚು ಹತ್ತಿ, ಮೇಜಿನ ಮೇಲೆ ಇಳಿಯಿತು.

"ನೀಲಾಂಬಿಕಾ! ಜೀವ ಐತಿ! ಜೀವ ಐತಿ ನೋಡ್ರಿ ಅದಕ!" ಸರ್ ಧೂಪದ ತಟ್ಟೆ ಎಲ್ಲೋ ಇಟ್ಟು ಓಡಿ ಬಂದರು. ಅವರ ಕಣ್ಣಲ್ಲಿ ನೀರು. ನಾನು ಬೇಡ ಅನ್ನುವುದರೊಳಗೆ ಬರಿಗೈಯಲ್ಲಿ ಅದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. "ಒಣಗಿದ ಕಾಳಿನಂಗ ಒಳಗ ಜೀವ ಹಿಡಕೊಂಡು ಕುಂತಿತ್ತು. ನಾವು ಕಲ್ಲಂದ್ವಿ. ಅಯ್ಯೋ, ಕಚಗುಳಿ ಇಟ್ಟಂಗ ಆಗಾಕತ್ತೈತಿ..."

ಹೇಳುತ್ತಿದ್ದವರು ನಿಲ್ಲಿಸಿದರು. ಅಂಗೈ ಖಾಲಿಯಿತ್ತು.

"ಎಲ್ಲಿ ಹೋತು?" ಎಂದು ಅವರು ನೆಲ ನೋಡಿದರು. ನಾನು ಅವರ ಕೈ ನೋಡುತ್ತಿದ್ದೆ. ಅಂಗೈ ನಡುವೆ ಸಾಸಿವೆಯಷ್ಟು ರಕ್ತ. ಹೆಬ್ಬೆರಳಿನ ಬುಡದಲ್ಲಿ ಚರ್ಮದ ಕೆಳಗೆ ಒಂದು ಗಂಟು, ಮೆಲ್ಲಗೆ ಮಣಿಕಟ್ಟಿನ ಕಡೆ ಸರಿಯುತ್ತಿತ್ತು.

"ಸರ್, ಒಳಗ ಹೊಕ್ಕೈತ್ರಿ! ನೋವಾಗಲಿಲ್ಲೇನ್ರೀ?"

"ಇಲ್ಲಲ್ಲ," ಎಂದರು ಅವರು, ಗಂಟನ್ನೇ ನೋಡುತ್ತ. ಬೆರಳಿನಿಂದ ಒತ್ತಿದರು, ಉಗುರಿನಿಂದ ಗೀರಿದರು. "ಏನೂ ಗೊತ್ತಾಗವಲ್ದು. ಹಲ್ಲ ಕೀಳಸುವಾಗ ಸೂಜಿ ಮಾಡ್ತಾರಲ್ಲ, ಹಂಗ ಜೋಮ ಹಿಡದೈತಿ." ಆಗ ಮಾತ್ರ ಅವರ ಮುಖ ಬಿಳಿಚಿತು.

ಪೂಜೆಗೆ ಬಂದವರಿಗೆಂದು ತಂಪು ಪಾನೀಯ ಇಟ್ಟಿದ್ದ ಐಸಿನ ಡಬ್ಬಿ ಬಾಗಿಲಲ್ಲಿತ್ತು. ನನಗೆ ಹೇಗೆ ಹೊಳೆಯಿತೋ ದೇವರೇ ಬಲ್ಲ. ಬಿಸಿಗೆ ಎದ್ದದ್ದು ತಂಪಿಗೆ ಮಲಗಬೇಕು ಎಂದು ಅವರ ಕೈಯನ್ನು ಮೊಣಕೈ ತನಕ ಐಸಿನಲ್ಲಿ ಅದುಮಿದೆ. ಗಂಟು ನಿಂತಿತು. ಆಮೇಲೆ ಬಂದ ದಾರಿಯಲ್ಲೇ ಹಿಂದೆ ಹಿಂದೆ ಸರಿದು, ಅಂಗೈ ತೂತಿನಿಂದ ಹೊರಬಿದ್ದು, ಐಸಿನ ತುಂಡುಗಳ ನಡುವೆ ಕಾಲು ಮಡಚಿ ಮತ್ತೆ ಕಲ್ಲಾಗಿ ಕೂತಿತು. ಬಟ್ಟಲಲ್ಲಿ ಉಳಿದವು ಏಳುವ ಮೊದಲೇ ನಾನು ಇಕ್ಕಳದಿಂದ ಅವನ್ನೂ ಐಸಿಗೆ ಹಾಕಿದೆ. ಸರ್ ಆ ಸ್ಥಿತಿಯಲ್ಲೂ ಪಾಠ ಶುರು ಮಾಡಿದರು.

"ಹೊಗಿ, ನೀಲಾಂಬಿಕಾ. ಹೊಗಿ! ಕಾಡಿಗೆ ಬೆಂಕಿ ಬಿದ್ದ ಮ್ಯಾಲ ಹೊಗಿ ವಾಸನಿಗೇ ಕೆಲವು ಬೀಜ ಮೊಳಿತಾವಲ್ಲ, ಇವೂ ಹಂಗ. ಲಾವಾ ಸಮೀಪ ಬಂದ್ರ ಕೆರಿ ನೀರು ಬಿಸಿ ಆಗ್ತಿತ್ತು, ದಂಡಿ ಮ್ಯಾಲಿನ ಗಿಡ ಸುಟ್ಟು ಹೊಗಿ ಬರ್ತಿತ್ತು. ಎರಡೂ ಕೂಡಿ ಬಂದ್ರ ಎದ್ದು, ಎಲ್ಲೆರೆ ಬೆಚ್ಚನ್ನ ಮೆತ್ತನ್ನ ಜಾಗಾ ಹುಡುಕಿ, ಒಳಗ ಹೊಕ್ಕು ತತ್ತಿ ಇಡಬೇಕು. ಬರೇ ಬಿಸಿನೀರಿಗೆ ಏಳಂಗಿಲ್ಲ, ಬರೇ ಹೊಗಿಗೂ ಏಳಂಗಿಲ್ಲ. ಮೊದಲ ಬಿಸಿನೀರು, ಆಮ್ಯಾಲ ಹೊಗಿ..."

ಮೊದಲು ಬಿಸಿನೀರು, ಆಮೇಲೆ ಹೊಗೆ. ಕೂಸಿಗೆ ಉಡದಾರ ಕಟ್ಟಿ, ಬಿಸಿನೀರು ಎರದು, ಲೋಬಾನ ಹಾಕ್ತೀವಿ. ಅಂಥ ಹೆದರಿಕೆಯನ್ನು ನಾನು ಹಿಂದೆ ಕಂಡಿರಲಿಲ್ಲ, ಶತ್ರುವಿಗೂ ಬೇಡ.

ಅವ್ವನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಬಾಣಂತಿಯ ಕೈಗೆ ಸಿಗದಿರಲೆಂದು ಅವ್ವ ಅದನ್ನು ಪಡಸಾಲೆಯ ಗೂಡಿನಲ್ಲಿ ಮುಚ್ಚಿಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಆದರೂ ಸ್ಕೂಟಿ ಹತ್ತಿರ ಓಡುತ್ತ ಮಾಡುತ್ತಲೇ ಇದ್ದೆ. ಹಿಂದಿನಿಂದ ಸರ್ ಫೋನಿನಲ್ಲಿ ಕಂಪನಿಯವರ ಜೊತೆ ಕೂಗಾಡುವುದು ಕೇಳುತ್ತಿತ್ತು. "ಹಬ್ಬದ ರಜಾ ಅಂದ್ರ ಏನ್ರೀ? ಕೂಸುಗಳ ಮೈಮ್ಯಾಲ ಅದಾವ್ರೀ ಅವು!"

ದಾರಿಯುದ್ದಕ್ಕೂ ಲಾರಿ, ಟ್ರ್ಯಾಕ್ಟರುಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದಿದ್ದರು. ಗ್ಯಾರೇಜುಗಳ ಮುಂದೆ ಧೂಪ, ಅಂಗಡಿಗಳ ಮುಂದೆ ಧೂಪ. ಊರೇ ಹೊಗೆಯಲ್ಲಿ ಮುಳುಗಿತ್ತು. ಬೇರೆ ದಿನವಾದರೆ ಆ ವಾಸನೆಗೆ ನನಗೆ ಹಬ್ಬದ ಖುಷಿ ಬರುತ್ತಿತ್ತು. ಅವತ್ತು ಸೆರಗನ್ನು ಮೂಗಿಗೆ ಸುತ್ತಿಕೊಂಡೆ. ಸರ್ ಕೈ ಎಷ್ಟು ದಪ್ಪ, ಕೂಸಿನ ಹೊಟ್ಟೆ ಎಷ್ಟು ಮೆತ್ತಗೆ ಎಂಬ ಲೆಕ್ಕ ತಲೆಯಲ್ಲಿ ತಾನೇ ಓಡುತ್ತಿತ್ತು. ನೋವಾಗುವುದಿಲ್ಲ. ನೋವಾಗದಿದ್ದರೆ ಕೂಸು ಅಳುವುದಿಲ್ಲ. ಅಳದಿದ್ದರೆ ಯಾರೂ ಎತ್ತಿಕೊಂಡು ನೋಡುವುದಿಲ್ಲ. ಐಸಿನ ಡಬ್ಬಿ ತರಬೇಕಿತ್ತು ಎಂದು ಹೊಳೆದದ್ದು ಅರ್ಧ ದಾರಿ ಬಂದ ಮೇಲೆ. ಹಿಂದಕ್ಕೆ ತಿರುಗುವ ಧೈರ್ಯ ಆಗಲಿಲ್ಲ.

ಮನೆ ತಲುಪಿದಾಗ ಬಾಣಂತಿ ಕೋಣೆಯ ಬಾಗಿಲಿನಿಂದ ಹೊಗೆ ಇನ್ನೂ ಹೊರಬರುತ್ತಿತ್ತು. ಅವ್ವ ತೊಟ್ಟಿಲ ಪಕ್ಕ ನಿಂತು ಬಾಯಿ ಮೇಲೆ ಬೆರಳಿಟ್ಟಳು.

"ಶ್! ಹಗೂರ. ಈಗ ಹಾಲ ಕುಡದು ಮಲಗೇತಿ. ದಿನಾ ಲೋಬಾನ ಹಾಕಿದ ಮ್ಯಾಲ ಅತ್ತು ಅತ್ತು ಸಾಕ ಮಾಡ್ತಿತ್ತು. ಇವತ್ತ ನೋಡ, ಎಷ್ಟ ಶಾಂತ ಮಲಗೇತಿ. ನಿನ್ನ ಉಡದಾರದ ಗುಣ."

ನಾನು ಅವಳನ್ನು ಸರಿಸಿ ಕೂಸಿನ ಕುಂಚಿಗೆ ಬಿಚ್ಚಿದೆ, ಸುತ್ತಿದ ಅರಿವೆ ಬಿಚ್ಚಿದೆ. ಉಡದಾರ ಇತ್ತು. ಬೆಳ್ಳಿಯ ಗೂಡು ಇತ್ತು. ಗೂಡಿನೊಳಗೆ ಸೀಳಿದ ಹಸಿರು ಸಿಪ್ಪೆ ಮಾತ್ರ ಉಳಿದಿತ್ತು.

ನಾನು ಆ ಎಳೆಗೂಸನ್ನು ಚಿವುಟಿದೆ. ಅಂಗಾಲು ಚಿವುಟಿದೆ, ಕಿಟಾರನೆ ಕಿರುಚಿ ಎದ್ದಿತು. ಹಾಡಿದಂತೆ ಕೇಳಿಸಿತು ನನಗೆ. ತೊಡೆ ಚಿವುಟಿದೆ, ಅತ್ತಿತು. ಹೊಟ್ಟೆ, ಹೊಕ್ಕುಳ ಸುತ್ತ, ಬೆನ್ನು, ಕಂಕುಳು, ಕುತ್ತಿಗೆ. ಎಲ್ಲ ಕಡೆಗೂ ಅತ್ತಿತು. "ಅಳ ನನ್ನವ್ವಾ, ಅಳ, ಇನ್ನೂ ಅಳ," ಎಂದು ನಾನೂ ಅಳುತ್ತಿದ್ದೆ.

"ಏ, ಹುಚ್ಚು ಹಿಡದೈತೇನ ನಿನಗ? ಕೈ ಸೇದಿ ಹೋಗಲಿ ನಿನ್ನವು!" ಅವ್ವ ನನ್ನ ಬೆನ್ನಿಗೆ ಎರಡು ಗುದ್ದಿ ಕೂಸನ್ನು ಕಸಿದುಕೊಂಡಳು.

"ಅವ್ವಾ, ಆ ಹುಳ ಜೀವಂತ ಐತಿ! ಹೊಗಿಗೆ ಎದ್ದೈತಿ. ಕಡದ್ರ ನೋವಾಗೂದಿಲ್ಲ, ಜೋಮ ಹಿಡಿತೈತಿ, ಮೈಯಾಗ ಹೊಕ್ಕೊಂತೈತಿ. ಕೂಸಿನ ಮೈಯಾಗಿಲ್ಲ, ಶಿವಾ, ಕೂಸಿನ ಮೈಯಾಗಿಲ್ಲ..." ನಾನು ನೆಲಕ್ಕೆ ಕುಸಿದು ತೊಟ್ಟಿಲ ಅರಿವೆಗಳನ್ನು ಜಾಡಿಸತೊಡಗಿದೆ. ಎಲ್ಲಿಯೂ ಇರಲಿಲ್ಲ. ಬೆಚ್ಚನ್ನ ಮೆತ್ತನ್ನ ಜಾಗಾ ಎಂದಿದ್ದರು ಸರ್.

ಆಗ ಅಕ್ಕನ ಕಡೆ ನೋಡಿದೆ. ಹೊರಸಿನ ಮೇಲೆ ಕೂತಿದ್ದಳು. ಬಲಗೈ ಚಾಚಿ ಕೂಸನ್ನು ಕೊಡು ಎಂದು ಅವ್ವನನ್ನು ಕೇಳುತ್ತಿದ್ದಳು, ನನ್ನನ್ನು ಬಯ್ಯುತ್ತಿದ್ದಳು. ಎಡಗೈ ಮಡಿಲಲ್ಲಿ ಬಿದ್ದಿತ್ತು. ಗದ್ದಲದಲ್ಲಿ ಕಷಾಯದ ಲೋಟ ಉರುಳಿ, ಹೊಗೆಯಾಡುವ ಕಷಾಯ ಆ ಎಡಗೈ ಮೇಲೆ ಸುರಿಯುತ್ತಿತ್ತು. ಅಕ್ಕ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅಕ್ಕಾ, ಕೂಸಿಗೆ ಯಾವ ಕೈಯಾಗ ಹಿಡಕೊಂಡು ಹಾಲು ಕುಡಿಸಿದಿ?"

"ಇದ ಕೈಯಾಗ. ಹೊತ್ತ ಹೊತ್ತ ಜೋಮ ಹಿಡದೈತಿ. ಅದನ್ಯಾಕ ಕೇಳ್ತಿ ಈಗ?"

ರವಿಕೆಯ ತೋಳು ಮೇಲಕ್ಕೆ ಸರಿಸಿದೆ. ಮೊಣಕೈ ಒಳಮಗ್ಗುಲಲ್ಲಿ, ಕೂಸಿನ ಸೊಂಟ ಒರಗುವ ಜಾಗದಲ್ಲಿ, ಸಾಸಿವೆಯಷ್ಟು ರಕ್ತ. ಗಂಟು ಆಗಲೇ ತೋಳಿನ ನಡುವೆ ಬಂದಿತ್ತು, ಕಂಕುಳ ಕಡೆ ಮೆಲ್ಲಗೆ ಸರಿಯುತ್ತಿತ್ತು. ಅಕ್ಕ ನೋಡಿದಳು.

"ಐಸ್! ಅವ್ವಾ, ಐಸ್ ಬೇಕು, ಅದು ತಂಪಿಗೆ ಹೊರಗ ಬರ್ತೈತಿ!" ಎಂದು ಕಿರುಚಿದೆ. ನನ್ನ ಸೆರಗಿನಿಂದ ಗಂಟಿನ ಮೇಲ್ಗಡೆ ತೋಳನ್ನು ಬಿಗಿದು ಕಟ್ಟಿದೆ.

ಅವ್ವ ಒಂದು ಕ್ಷಣ ಹೊರಸಿನ ಕೆಳಗಿನ ಕೆಂಡ ನೋಡಿದಳು. ಮಗಳ ಬಾಯಿಗೆ ತಣ್ಣೀರಿನ ಹನಿ ಬೀಳದಂತೆ ಇಷ್ಟು ದಿನ ಕಾದಿದ್ದ ಹೆಂಗಸು ಅವಳು. ಬಾಣಂತಿಗೆ ಐಸೇ ಎಂದು ಕೇಳುತ್ತಾಳೆ, ಅದರಲ್ಲೇ ಹೊತ್ತು ಹೋಗುತ್ತದೆ ಎಂದು ನಾನು ಹೆದರಿದೆ. ಅವಳು ಏನೂ ಕೇಳಲಿಲ್ಲ. ಕೂಸನ್ನು ನನ್ನ ಮಡಿಲಿಗೆ ಹಾಕಿ, ಹಂಡೆಯ ನೀರನ್ನು ಕೆಂಡದ ಮೇಲೆ ಸುರಿದು ಆರಿಸಿ, ಬರಿಗಾಲಲ್ಲಿ ಓಣಿಯ ತುದಿಯ ಕಬ್ಬಿನ ಹಾಲಿನ ಅಂಗಡಿಗೆ ಓಡಿದಳು. ಮಂಡಿನೋವೆಂದು ಗುಡಿಯ ಮೆಟ್ಟಿಲನ್ನೂ ಹತ್ತದವಳು ಐಸಿನ ದೊಡ್ಡ ಗಡ್ಡೆಯನ್ನು ಎದೆಗೆ ಅವುಚಿಕೊಂಡು ಬಂದಳು. ಸೀರೆಯೆಲ್ಲ ತೊಯ್ದಿತ್ತು.

ಅಕ್ಕನ ತೋಳಿನ ಸುತ್ತ ಐಸು ಒತ್ತಿ ಹಿಡಿದೆವು. ಗಂಟು ನನ್ನ ಕಟ್ಟಿಗೆ ಬಂದು ತಡೆದು ನಿಂತಿತ್ತು. ಅತ್ತಿತ್ತ ದಾರಿ ಹುಡುಕುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು, ಅಕ್ಕನಿಗೆ ತಿಳಿಯುತ್ತಿರಲಿಲ್ಲ. "ನನಗೇನರೆ ಆದ್ರ ಕೂಸಿನ್ನ..." ಎಂದಳು ಅಕ್ಕ. "ಬಾಯಿ ಮುಚ್ಚ," ಎಂದಳು ಅವ್ವ. ಗಂಟು ಹಿಂದಕ್ಕೆ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಮೊಣಕೈ ಹತ್ತಿರದ ತೂತಿನಿಂದ ನೀಲಿ ಹೊಳಪೊಂದು ಇಣುಕಿ, ಐಸಿನ ಮೇಲೆ ಜಾರಿ ಬಿದ್ದು, ಕಾಲು ಮಡಚಿಕೊಂಡಿತು. ಅವ್ವ ಅದನ್ನು ಇಕ್ಕಳದಿಂದ ಎತ್ತಿ ಐಸಿನ ಚೂರುಗಳ ಜೊತೆ ಹಿತ್ತಾಳೆ ಡಬ್ಬಿಗೆ ಹಾಕಿ ಮುಚ್ಚಿದಳು.

ಅಕ್ಕ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಆಮೇಲೆ, "ಅಯ್ಯ, ಥಂಡಿ! ಕೈ ಉರಿಯಾಕತ್ತೈತಿ, ತಗೀರೇ," ಎಂದು ಕೂಗಿದಳು. ಅವ್ವ ಅವಳ ತಲೆಯನ್ನು ಹೊಟ್ಟೆಗೆ ಅವುಚಿಕೊಂಡು ಹೋ ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ. ಆಸ್ಪತ್ರೆಗೆ ಆಟೋ ತರುತ್ತೇನೆ ಎಂದು ಎದ್ದು, ಗಾಳಿಯಾಡಲೆಂದು ಬಾಣಂತಿ ಕೋಣೆಯ ಕಿಟಕಿ ತೆರೆದೆ.

ಲೋಬಾನದ ವಾಸನೆ ಹೊರಗಿನಿಂದ ಒಳಗೆ ಬಂತು. ಎದುರಿಗೆ ಹಿರೇಮಠರ ಮನೆ. ಅವರ ಸೊಸೆಗೂ ಹೆರಿಗೆಯಾಗಿತ್ತು. ಅವರು ಕೂಸಿಗೆ ತಂದಿಟ್ಟ ಉಡದಾರದ ಹುಳ ನಮ್ಮದಕ್ಕಿಂತ ದೊಡ್ಡದು ಎಂದು ಅವ್ವ ಮೊನ್ನೆಯಷ್ಟೇ ಹೊಟ್ಟೆಕಿಚ್ಚುಪಟ್ಟಿದ್ದಳು. ಅವರ ಬಚ್ಚಲ ಕಿಂಡಿಯಿಂದ ಹೊಗೆ ಏಳುತ್ತಿತ್ತು. ಅದರಾಚೆಯ ಮನೆಯಿಂದಲೂ ಏಳುತ್ತಿತ್ತು.

"ನಾ ಅರಾಮ ಅದೀನಿ," ಎಂದಳು ಅಕ್ಕ, ಕೂಸನ್ನು ಬಲಗೈಯಿಂದ ಎದೆಗೆ ಒತ್ತಿಕೊಂಡು. "ಮೊದಲ ಅಲ್ಲಿ ಓಡ್ರಿ."

ಉಳಿದ ಐಸನ್ನು ಬುಟ್ಟಿಗೆ ತುಂಬಿಕೊಂಡು ಅವ್ವನೂ ನಾನೂ ಓಣಿ ದಾಟಿದೆವು. ಹಿರೇಮಠರ ಬಾಗಿಲು ತೆರೆದೇ ಇತ್ತು. ಅವ್ವ ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತ ಕೂಗಿದಳು.

"ಗಿರಿಜವ್ವಾ, ನಿಮ್ಮ ಕೂಸು ಅಳಾಕತ್ತೈತೇನ?"

ಒಳಗೆ ಹೋಳಿಗೆ ಬೇಯಿಸುತ್ತಿದ್ದ ಗಿರಿಜವ್ವನ ಖುಷಿಯ ದನಿ ಬಂತು.

"ಇಲ್ಲ ಬಿಡವಾ. ಲೋಬಾನ ಹಾಕಿದಾಗಿಂದ ಭಾಳ ಶಾಂತ ಮಲಗೇತಿ."